ನಾಲ್ಕು ಮಾತ್ರೆಯ ಮೌನ

ಶಾಂಭವಿಗೆ ವಯಲಿನ್ ನುಡಿಸಲು ಬಾರದು ಎಂದು ಹೇಳುವ ಧೈರ್ಯ ಭಟ್ಕಳದಿಂದ ಕುಮಟಾದವರೆಗೆ ಯಾರಿಗೂ ಇರಲಿಲ್ಲ. ಅವಳಿಗೆ ಬಾರದೆ ಇದ್ದದ್ದು ಒಂದೇ ಒಂದು, ನುಡಿಸದೆ ಇರುವುದು. ಅದೂ ಹೆಚ್ಚು ಹೊತ್ತೇನಲ್ಲ, ನಾಲ್ಕು ಮಾತ್ರೆ. ಒಂದು, ಎರಡು, ಮೂರು, ನಾಲ್ಕು ಎಂದು ಬೆರಳು ಮಡಚುವಷ್ಟರಲ್ಲಿ ಮುಗಿದುಹೋಗುವ ಹೊತ್ತು. ಅಷ್ಟು ಹೊತ್ತು ಕಮಾನನ್ನು ತಂತಿಯಿಂದ ಎತ್ತಿ ತೆಪ್ಪಗೆ ಕೂತರೆ ಅವಳಿಗೆ ಕಾಯಂ ಕೆಲಸ ಸಿಗುತ್ತಿತ್ತು. ಮೂವತ್ತೊಂಬತ್ತು ವರ್ಷದ ಹೆಂಗಸಿಗೆ ಅಷ್ಟೂ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತಿರಲಿಲ್ಲ.

ಕೆಲಸವೂ ಅಂಥಿಂಥದಲ್ಲ. ಕರಾವಳಿ ಸಿಂಫನಿ ಎಂಬ ವಾದ್ಯವೃಂದ ಹೊನ್ನಾವರದಲ್ಲಿ ಹುಟ್ಟಿ ಆಗ ಎಂಟು ತಿಂಗಳಾಗಿತ್ತು. ಆರ್ಕೆಸ್ಟ್ರಾ ಎಂದರೆ ಚೌತಿಗೆ ಪೆಂಡಾಲಿನಲ್ಲಿ ಸಿನಿಮಾ ಹಾಡು ಹೇಳುವವರು ಎಂದೇ ನಂಬಿದ್ದ ಊರುಗಳಲ್ಲಿ ನಲವತ್ತೊಂದು ಮಂದಿ ಕರಿ ಬಟ್ಟೆ ತೊಟ್ಟು, ಎದುರಿಗೆ ಕಾಗದ ಇಟ್ಟುಕೊಂಡು, ಒಬ್ಬ ಮನುಷ್ಯನ ಕೈಯ ಕಡ್ಡಿ ಆಡಿದಂತೆ ನುಡಿಸುತ್ತಾರೆ ಎಂದರೆ ಜನ ಕೇಳುವುದಿರಲಿ, ನೋಡುವುದಕ್ಕೇ ಬರುತ್ತಿದ್ದರು. ಆ ಕಡ್ಡಿಯ ಮನುಷ್ಯ ಇನಾಸ್ ಫರ್ನಾಂಡಿಸ್, ಎಲ್ಲರ ಬಾಯಲ್ಲೂ ಇನಾಸ್ ಮಾಸ್ತರು. ಹೊನ್ನಾವರದ ಇಗರ್ಜಿಯಲ್ಲಿ ವಯಲಿನ್ ಕಲಿತು, ಮುಂಬಯಿಯ ಸ್ಟುಡಿಯೋಗಳಲ್ಲಿ ಮೂವತ್ತು ವರ್ಷ ಸಿನಿಮಾಕ್ಕೆ ನುಡಿಸಿ, ಅರವತ್ತೆರಡಕ್ಕೆ ಊರಿಗೆ ಬಂದವರು. ಇನ್ನು ಗಾಳ ಹಾಕಿಕೊಂಡು ಹಾಯಾಗಿರುತ್ತೇನೆ ಎಂದಿದ್ದರು, ಒಂದು ವಾರವೂ ಇರಲಿಲ್ಲ. ಇಗರ್ಜಿಯ ವಯಲಿನ್‌ನವರು, ಮದುವೆ ಬ್ಯಾಂಡಿನ ಕ್ಲಾರಿಯೊನೆಟ್‌ನವರು, ಗೋವಾದಿಂದ ದೊಡ್ಡ ವಯಲಿನ್‌ನಂಥ ಸೆಲ್ಲೋ ನುಡಿಸುವ ನಾಲ್ವರು, ಯಕ್ಷಗಾನ ಮೇಳದಲ್ಲಿ ಚಂಡೆ ಬಾರಿಸುತ್ತಿದ್ದ ಲೋಕೇಶ, ಹೀಗೆ ಸಿಕ್ಕಸಿಕ್ಕವರನ್ನೆಲ್ಲ ಒಂದೇ ಸೂರಿನಡಿ ಕೂಡಿಹಾಕಿದರು. ಒಂದು ಟ್ರಸ್ಟು ಬೆನ್ನಿಗೆ ನಿಂತಿತು. ತಿಂಗಳ ಸಂಬಳ, ವರ್ಷದ ಕರಾರು. ಸಂಗೀತ ಕಲಿತವರು ಧಾರವಾಡ, ಮುಂಬಯಿ ಎಂದು ಅಲೆಯದೆ ತಮ್ಮ ಮನೆಯಲ್ಲೇ ಉಂಡು, ಬರೀ ನುಡಿಸಿಯೇ ಬದುಕಬಹುದು ಎಂಬುದು ಈ ಕಡೆ ಯಾರೂ ಕೇಳಿರದ ಮಾತು. ಅದನ್ನು ಕೇಳಿದ ದಿನ ಶಾಂಭವಿ ಕುಮಟಾದ ತನ್ನ ಮನೆಯ ಹಿತ್ತಲಲ್ಲಿ ಒಬ್ಬಳೇ ಎರಡು ಸುತ್ತು ಓಡಿದ್ದಳು. ಯಾರೂ ನೋಡಿರಲಿಲ್ಲ, ಆದರೂ ಓಡಿದ್ದು ನಿಜ.

ಓಡಲು ಕಾರಣವಿತ್ತು. ಹತ್ತೊಂಬತ್ತು ವರ್ಷ ಅವಳು ಅನಂತಮೂರ್ತಿ ಹೆಗಡೆಯವರ ಹಿಂದುಸ್ತಾನಿ ಗಾಯನಕ್ಕೆ ವಯಲಿನ್ ಸಾಥ್ ಕೊಟ್ಟವಳು. ದೊಡ್ಡ ಗಾಯಕರು, ದೂರದ ನೆಂಟರು, ಅವಳ ಬಾಯಲ್ಲಿ ಅನಂತ ಮಾವ. ಕರೆಯೋಲೆಯಲ್ಲಿ ಅವರ ಹೆಸರು ಬೆರಳುದ್ದದ ಅಕ್ಷರದಲ್ಲಿ ಇರುತ್ತಿತ್ತು. ಅವಳದು ಕೆಳಗೆ, ಮೈಕಿನವರ ಹೆಸರಿಗಿಂತ ಒಂದು ಗೆರೆ ಮೇಲೆ. ಅದಕ್ಕೆ ಅವಳಿಗೆ ಬೇಸರವಿತ್ತೇ ಎಂದರೆ ಇತ್ತು, ಸುಳ್ಳು ಏಕೆ ಹೇಳಬೇಕು? ಆದರೆ ಸಾಥ್ ಕೊಡುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಗಾಯಕರು ಒಂದು ಸಾಲು ಹಾಡಿ ಉಸಿರು ತೆಗೆಯಲು ನಿಂತರೆ, ಆ ಸಂದಿನಲ್ಲಿ ಸಾಲಿನ ತುದಿಯನ್ನು ಹಿಡಿದು ನುಡಿಸಿ ಜಾಗ ತುಂಬುವುದು ಸಾಥಿನವರ ಕೆಲಸ. ನಡುವೆ ಮೌನ ಬಿತ್ತೆಂದರೆ ಸಾಥಿನವರು ತೂಕಡಿಸುತ್ತಿದ್ದಾರೆ ಎಂದೇ ಅರ್ಥ. ಶಾಂಭವಿ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ತೂಕಡಿಸಿರಲಿಲ್ಲ.

ಇನಾಸ್ ಮಾಸ್ತರು ತಾವೇ ಒಂದು ದೊಡ್ಡ ಕೃತಿ ಬರೆದಿದ್ದರು. ಹೆಸರು ‘ಅಳಿವೆ’. ನದಿ ಸಮುದ್ರ ಸೇರುವ ಜಾಗದ ಮೇಲೆ, ಯಮನ್ ರಾಗ ಇಟ್ಟುಕೊಂಡು, ನಲವತ್ತು ನಿಮಿಷದ್ದು. ಅದರ ನಡುವೆ ಒಂಟಿ ವಯಲಿನ್ ಒಂದು ಸ್ವರದಿಂದ ಇನ್ನೊಂದಕ್ಕೆ ಮೀಂಡ್‌ನಲ್ಲಿ, ಅಂದರೆ ಕಡಿಯದೆ ಜಾರಿಕೊಂಡು ಹೋಗಬೇಕು. ವಯಲಿನ್‌ನವರ ಮುಂದಾಳು, ಮೊದಲ ಕುರ್ಚಿಯ ಗಾಯತ್ರಿ ಗೋವಾದಲ್ಲಿ ಕಲಿತ ಇಪ್ಪತ್ತನಾಲ್ಕರ ಹುಡುಗಿ, ಕಾಗದದಲ್ಲಿ ಇದ್ದದ್ದನ್ನು ನೀರು ಕುಡಿದ ಹಾಗೆ ನುಡಿಸುವವಳು. ಆದರೆ ಮೀಂಡ್ ಅವಳ ಕೈಗೆ ಹತ್ತಲಿಲ್ಲ. ಹಾಗಾಗಿ ಶಾಂಭವಿಯನ್ನು ಕರೆಸಿದರು. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ನುಡಿಸುವ ಅವಳಿಗೆ ಮಾಸ್ತರ ಎಡಕ್ಕೆ ಒಂದು ಪುಟ್ಟ ಕಟ್ಟೆ ಕಟ್ಟಿಸಿ, ಮೇಲೆ ಜಮಖಾನ ಹಾಸಿದರು. ಮೊದಲ ದಿನ ಅವಳು ನುಡಿಸಿದ್ದನ್ನು ಕೇಳಿ ಗಾಯತ್ರಿ ತನ್ನ ಕಮಾನಿನಿಂದ ಕಾಗದದ ಸ್ಟ್ಯಾಂಡು ತಟ್ಟಿ ಮೆಚ್ಚಿದಳು. ಅಲ್ಲಿಯವರೆಗೆ ಎಲ್ಲ ಸಸೂತ್ರ.

ಆಮೇಲೆ ಆ ನಾಲ್ಕು ಮಾತ್ರೆ ಬಂತು. ಒಂಟಿ ವಯಲಿನ್ ಹಾಡುತ್ತ ಹಾಡುತ್ತ ಮೇಲೇರುವಾಗ ಉಳಿದವರೆಲ್ಲ ಒಬ್ಬೊಬ್ಬರಾಗಿ ಕೂಡಿಕೊಂಡು, ನಲವತ್ತೊಂದು ಮಂದಿಯೂ ನಿಷಾದಕ್ಕೆ ಏರಿ, ಅಲ್ಲೇ ಗಕ್ಕನೆ ನಿಲ್ಲಬೇಕು. ನಾಲ್ಕು ಮಾತ್ರೆ ಪೂರ್ಣ ಮೌನ. ಆಮೇಲೆ ಶಾಂಭವಿಯೊಬ್ಬಳೇ, ಕೆಳಗಿನ ಪಂಚಮವನ್ನು, ಪಿಸುಮಾತಿನಷ್ಟು ಮೆಲ್ಲಗೆ ಶುರುಮಾಡಬೇಕು.

“ಸಮುದ್ರ ಭರ್ತಿ ಆಗಿ ಇಳಿತ ಶುರುವಾಗೋಕೆ ಮುಂಚೆ ನೀರು ಒಂದು ಗಳಿಗೆ ನಿಂತ್ಕಂಡಿರ್ತದಲ್ಲ, ಅದು ಇದು,” ಎಂದು ಮಾಸ್ತರು ವಿವರಿಸಿದರು. ಎಲ್ಲರಿಗೂ ಅರ್ಥವಾಯಿತು. ಶಾಂಭವಿಗೂ ಅರ್ಥವಾಯಿತು, ಅವಳ ಕೈಗೆ ಆಗಲಿಲ್ಲ. ನಿಷಾದದಲ್ಲಿ ನಿಲ್ಲಿಸಿ ಷಡ್ಜ ಮುಟ್ಟದೆ ಬಿಡುವುದೆಂದರೆ ಮನೆಯ ಮೆಟ್ಟಿಲವರೆಗೆ ಬಂದವರನ್ನು ಒಳಗೆ ಕರೆಯದೆ ಬಾಗಿಲು ಹಾಕಿಕೊಂಡ ಹಾಗೆ. ಎಲ್ಲರೂ ನಿಂತರು, ಅವಳ ಕಮಾನು ತನ್ನಷ್ಟಕ್ಕೆ ‘ಸಾ’ ಎಂದು ಎಳೆಯಿತು.

“ಅರೆ ಸಾಯ್ಬಾ!” ಎಂದು ಮಾಸ್ತರು ತಲೆಗೆ ಕೈ ಹಚ್ಚಿದರು.

ಒಂದು ಸಲ ಆದರೆ ನಗಬಹುದು. ಎರಡು ತಿಂಗಳ ತಾಲೀಮಿನಲ್ಲಿ ಹತ್ತಕ್ಕೆ ಆರು ಸಲ ಹಾಗೇ ಆಯಿತು. ಉಪಾಯಗಳೇನು ಕಡಿಮೆಯೇ? ಸಿಂಫನಿಯ ಕಾಗದ ಓದಲು ಬಾರದೆ ಸರಿಗಮ ಬರೆದುಕೊಂಡಿದ್ದ ತನ್ನ ನೋಟುಬುಕ್ಕಿನಲ್ಲಿ ಅವಳು ಕೆಂಪು ಶಾಯಿಯಿಂದ ‘ಸುಮ್ಮನಿರು’ ಎಂದು ಬರೆದಳು. ನುಡಿಸುವಾಗ ಕಣ್ಣು ಮುಚ್ಚಿಕೊಳ್ಳುವವಳಿಗೆ ಕೆಂಪು ಶಾಯಿ ಏನು ಮಾಡೀತು? ಎರಡು ತಾಮ್ರದ ಹಂಡೆಗಳಂಥ ಟಿಂಪನಿಯ ಹಿಂದೆ ನಿಂತ ಲೋಕೇಶ, “ಅಕ್ಕಾ, ಬಾಯಲ್ಲಿ ಪೆಪ್ಪರಮಿಂಟ್ ಇಟ್ಕಣಿ, ಕಚ್ಚಿ ಹಿಡೀರಿ,” ಎಂದ. ಹಲ್ಲು ಕಚ್ಚಿದ್ದು ಬಂತು, ಕೈ ಮಾತ್ರ ಹೋಗಿಯೇ ಹೋಯಿತು. ಗಾಯತ್ರಿಯಂತೂ ಆ ಜಾಗ ಬಂದಾಗ ಕಮಾನಿನ ತುದಿಯಿಂದ ಬೆನ್ನಿಗೆ ಚುಚ್ಚುತ್ತೇನೆ ಎಂದು ಒಪ್ಪಿಕೊಂಡಳು. ಚುಚ್ಚಿದಳು, ಶಾಂಭವಿ ಬೆಚ್ಚಿಬಿದ್ದು ಇನ್ನೂ ಜೋರಾಗಿ ‘ಸಾ’ ನುಡಿಸಿದಳು.

ಹೀಗಿರುವಾಗ ಮೂರು ದಿನದ ಪ್ರವಾಸ ಗೊತ್ತಾಯಿತು. ಶುಕ್ರವಾರ ಭಟ್ಕಳ, ಶನಿವಾರ ಹೊನ್ನಾವರ, ಭಾನುವಾರ ಕುಮಟಾ. ಟ್ರಸ್ಟಿನವರು ಕುಮಟಾಕ್ಕೆ ಬರುತ್ತಾರೆ, ಅಲ್ಲಿ ಆ ಕಟ್ಟೆಯ ಮೇಲೆ ಯಾರು ಕೂತು ನುಡಿಸುತ್ತಾರೋ ವರ್ಷದ ಕರಾರು ಅವರದೇ ಎಂದು ವಾಟ್ಸಪ್ಪಿನಲ್ಲಿ ಬಂತು. ಶಾಂಭವಿ ಆ ಸಂದೇಶವನ್ನು ಹನ್ನೊಂದು ಸಲ ಓದಿದಳು. ಮೂರೇ ದಿನ! ಊಟ ಸೇರಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ, ಮೊಸರು ಕಡೆಯುವಾಗಲೂ ನಾಲ್ಕು ಎಣಿಸುತ್ತಿದ್ದಳು.

ಭಟ್ಕಳದ ಸಭಾಂಗಣ ಸಂಜೆ ಆರಕ್ಕೇ ತುಂಬಿಹೋಗಿತ್ತು. ರಜೆಗೆ ಬಂದ ದುಬೈಯವರು, ಶಿರಾಲಿಯಿಂದ ಟೆಂಪೊ ಮಾಡಿಕೊಂಡು ಬಂದವರು, ಬಂದರಿನ ಮೀನು ವ್ಯಾಪಾರಿಗಳು, ಕಾಲೇಜು ಹುಡುಗಿಯರು, ಗೋಡೆಗೆ ಒರಗಿ ನಿಂತವರೇ ನೂರು ಮಂದಿ. ಶಾಂಭವಿಯ ಎದೆ ಲೋಕೇಶನ ಹಂಡೆಗಿಂತ ಜೋರಾಗಿ ಬಡಿಯುತ್ತಿತ್ತು. ಆದರೆ ಕಮಾನು ತಂತಿಗೆ ತಾಗಿದ್ದೇ ತಡ, ಭಯವೆಲ್ಲ ಎಲ್ಲಿ ಹೋಯಿತೋ! ಅವಳ ಬೆನ್ನ ಹಿಂದಿನಿಂದ ನಲವತ್ತು ವಾದ್ಯಗಳು ಎದ್ದು ಬಂದು ಅವಳನ್ನು ಮೇಲಕ್ಕೆ ಎತ್ತಿದವು. ಇಷ್ಟು ವರ್ಷ ಅವಳು ಬೇರೊಬ್ಬರನ್ನು ಎತ್ತಿ ಹಿಡಿದವಳು, ತನ್ನನ್ನು ಎತ್ತಿದರೆ ಹೇಗಿರುತ್ತದೆ ಎಂಬುದೇ ಗೊತ್ತಿರಲಿಲ್ಲ. ಖುಷಿಗೆ ಅವಳಿಗೆ ಅಳು ಬಂತು. ಎಲ್ಲರೂ ನಿಷಾದಕ್ಕೆ ಏರಿದರು, ನಿಂತರು. ಅವಳೂ ನಿಂತಳು. ಒಂದು. ಎರಡು.

ಮೂರಕ್ಕೆ ಕೈ ಜಾರಿತು. ‘ಸಾ’ ಎಂದು ಉದ್ದಕ್ಕೆ, ತುಂಬು ದನಿಯಲ್ಲಿ, ಎಂಟುನೂರು ಜನರ ಎದುರಿಗೆ.

ಮಾಸ್ತರ ಮುಖ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ವೇದಿಕೆಯ ಮೇಲಿನವರೆಲ್ಲ ನೆಲ ನೋಡಿದರು. ಸಭೆಯವರಿಗೆ ಮಾತ್ರ ಏನೂ ಗೊತ್ತಾಗಲಿಲ್ಲ, ಕೊನೆಗೆ ಎದ್ದು ನಿಂತು ಚಪ್ಪಾಳೆ ಹೊಡೆದರು. ಅದಿರಲಿ, ಮುಗಿದ ಮೇಲೆ ಅತ್ತರು ಹಚ್ಚಿಕೊಂಡ ಹಿರಿಯರೊಬ್ಬರು ಮಾಸ್ತರ ಕೈ ಹಿಡಿದು, “ಎಲ್ಲ ನಿಂತ ಮೇಲೆ ಒಂದು ಸುರ್ ಬಂತಲ್ಲ ಜನಾಬ್, ಮಾಷಾ ಅಲ್ಲಾ! ಅದೊಂದಕ್ಕೇ ಬಂದಿದ್ದು ಸಾರ್ಥಕ ಆತು,” ಎಂದುಬಿಟ್ಟರು. ಮಾಸ್ತರು ನಕ್ಕರು. ನಗದೆ ಇನ್ನೇನು ಮಾಡುತ್ತಾರೆ?

ಅವರು ಹೋದ ಮೇಲೆ ಮಾಸ್ತರು ಶಾಂಭವಿಯ ಹತ್ತಿರ ಬಂದರು. ಸಿಟ್ಟಿನ ಮನುಷ್ಯ ಸಿಟ್ಟು ಮಾಡಿಕೊಳ್ಳಲಿಲ್ಲ, ಅದಕ್ಕೇ ಅವಳಿಗೆ ಹೆದರಿಕೆಯಾಯಿತು. “ಶಾಂಭವಿ ಬಾಯಿ, ನಿಮ್ಮ ಮೀಂಡ್ ಕೇಳಿದ್ರೆ ನಂಗೆ ನನ್ನ ಅವ್ವನ ನೆನಪಾಗ್ತದೆ. ಆದ್ರೆ ಆ ಮೌನ ಹೋದ್ರೆ ನನ್ನ ಅಳಿವೆಯೇ ಹೋತು. ನಾಳೆ ಹೊನ್ನಾವರದಲ್ಲಿ ಇನ್ನೊಂದು ಸಲ ಹೀಗಾದ್ರೆ ಕುಮಟಾದಲ್ಲಿ ಗಾಯತ್ರಿ ಕೂರ್ತಾಳೆ. ಮೀಂಡ್ ಇಲ್ದಿದ್ರೂ ಅಡ್ಡಿಲ್ಲ.”

ಗಾಯತ್ರಿ ಪಕ್ಕದಲ್ಲೇ ನಿಂತಿದ್ದಳು. “ನಂಗೆ ಬೇಡ ಸರ್,” ಎಂದಳು. ಅದನ್ನು ಅವಳು ಮನಸಿಟ್ಟೇ ಹೇಳಿದಳು, ಆದರೆ ಸಿಂಫನಿಯಲ್ಲಿ ಬೇಡ ಎನ್ನುವುದಕ್ಕೆ ಯಾರಿಗೂ ಅಧಿಕಾರವಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುವ ಮೊದಲೇ ಅನಂತಮೂರ್ತಿಯವರ ಫೋನು ಬಂತು. ಎಪ್ಪತ್ತನಾಲ್ಕರ ಮುದುಕರು, ಆದರೂ ಸುದ್ದಿ ಎಲ್ಲರಿಗಿಂತ ಮೊದಲು ಬೇಕು.

“ಎಂತ ಆತೆ ಭಟ್ಕಳದಲ್ಲಿ?”

“ತುಂಬಿಬುಟೆ ಮಾವಾ. ಸುಮ್ನಿರವು ಹೇಳಿ ಇದ್ದಿತ್ತು, ಕೈ ನಿಂತಿದ್ದಿಲ್ಲೆ.”

ಅತ್ತ ಕಡೆ ಒಂದು ಗಳಿಗೆ ಬರೀ ಉಬ್ಬಸದ ಸದ್ದು. ಆಮೇಲೆ ಅವರು, “ಅದು ನಿನ್ನ ತಪ್ಪಲ್ದೇ ಕೂಸೆ, ನಂದು,” ಎಂದರು. “ಹತ್ತು ವರ್ಷಾತು ನಂಗೆ ದಮ್ಮು ಹತ್ತಿ. ಅರ್ಧ ಸಾಲಿಗೇ ಉಸಿರು ಕಟ್ತಿತ್ತು. ನಾ ಎಲ್ಲಿ ನಿಂತ್ರೂ ನೀನು ತುಂಬ್ತಾ ಬಂದೆ. ಹಾಡ್ತಾ ಇದ್ದದ್ದು ಅರ್ಧ ನೀನೇಯಾ. ಜನಕ್ಕೆ ಗೊತ್ತೇ ಆಜಿಲ್ಲೆ. ಆ ರೂಢಿ ಹಂಗೆಲ್ಲ ಹೋಗ್ತಿಲ್ಲೆ.”

ಅದು ಅವಳಿಗೆ ಗೊತ್ತಿಲ್ಲದ್ದಲ್ಲ, ಅವರ ಬಾಯಿಂದ ಬಂದದ್ದು ಮಾತ್ರ ಇದೇ ಮೊದಲು.

“ಇಂದು ಹೊನ್ನಾವರಕ್ಕೆ ನಾ ಬತ್ತೆ,” ಎಂದರು ಅವರು.

“ಬೇಡ ಮಾವಾ! ನಿಮ್ಮ ಕಂಡ್ರೆ ಮತ್ತೂ ತುಂಬವು ಕಾಣ್ತು.”

“ಆತು ಆತು, ಹಿಂದೆ ಕೂತ್ಕತ್ತೆ. ನಿನ್ನ ಕಣ್ಣಿಗೆ ಬೀಳ್ತ್ನಿಲ್ಲೆ.”

ಹಿಂದೆ ಕೂರಲು ಯಾರು ಬಿಡುತ್ತಾರೆ? ಸಂಜೆ ಹೊನ್ನಾವರದ ಸಭಾಭವನದ ಬಾಗಿಲಲ್ಲಿ ಅವರು ಕಂಡದ್ದೇ ತಡ, ಸ್ವಾಗತ ಸಮಿತಿಯ ಹರೀಶ ಕೈ ಹಿಡಿದು ಎಳೆದುಕೊಂಡು ಹೋಗಿ ಮೊದಲ ಸಾಲಿನ ಸೋಫಾದಲ್ಲಿ ಕೂರಿಸಿದ. ಕಟ್ಟೆಯ ಮೇಲೆ ಕೂತ ಶಾಂಭವಿಗೆ ನೇರ ಎದುರಿಗೆ, ಹತ್ತೇ ಹೆಜ್ಜೆ ದೂರದಲ್ಲಿ ಬಿಳಿ ಜುಬ್ಬಾ ಕಂಡಿತು. ಕೆಟ್ಟೆ ಎಂದುಕೊಂಡಳು.

ಮಾಸ್ತರು ಕಡ್ಡಿ ಎತ್ತಿದರು. ‘ಅಳಿವೆ’ ಶುರುವಾಯಿತು. ಆ ದಿನ ವಾದ್ಯವೃಂದಕ್ಕೆ ಏನು ಹೊಕ್ಕಿತ್ತೋ, ತಮ್ಮ ಊರು ಎಂಬ ಹುರುಪೋ ಏನೋ, ಸೆಲ್ಲೋಗಳು ಗುಂಯ್‌ಗುಟ್ಟುತ್ತಿದ್ದವು, ಕ್ಲಾರಿಯೊನೆಟ್‌ನವರು ಮದುವೆ ದಿಬ್ಬಣದ ಉತ್ಸಾಹದಲ್ಲಿ ಊದುತ್ತಿದ್ದರು. ಲೋಕೇಶ ಹಂಡೆಗಳ ಮೇಲೆ ಮಳೆಗಾಲದ ಸಮುದ್ರವನ್ನೇ ತಂದು ಸುರಿದ. ಶಾಂಭವಿಯ ಸರದಿ ಬಂತು. ಗಾಂಧಾರದಿಂದ ತೀವ್ರ ಮಧ್ಯಮಕ್ಕೆ ಅವಳು ಜಾರಿದ ರೀತಿಗೆ ಹಿಂದಿನ ಸಾಲಿನ ಕುರ್ಚಿಗಳ ಕಿರಿಕಿರಿಯೂ ನಿಂತಿತು. ಅವಳು ಕಣ್ಣು ಮುಚ್ಚಲಿಲ್ಲ. ಮುಚ್ಚಬಾರದು ಎಂದು ಬಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ಬಂದಿದ್ದಳು. ಏರಿದಳು, ಅವಳ ಹಿಂದೆ ನಲವತ್ತು ಮಂದಿ ಏರಿದರು, ಇನ್ನೂ ಮೇಲೆ, ಇನ್ನೂ ಮೇಲೆ, ನಿಷಾದ!

ಎಲ್ಲ ನಿಂತಿತು. ಅವಳು ಕಮಾನನ್ನು ತಂತಿಯಿಂದ ಒಂದು ಅಂಗುಲ ಮೇಲೆತ್ತಿ ಹಿಡಿದಳು.

ಒಂದು. ಕೈ ಎಳೆಯುತ್ತಿದೆ. ಎರಡು. ಎದುರಿಗೆ ಅನಂತ ಮಾವ ಕೂತಿದ್ದಾರೆ, ಬಾಯಿ ಅರೆ ತೆರೆದಿದೆ, ಎದೆ ಏರಿ ಇಳಿಯುತ್ತಿದೆ. ಆದರೆ ಅವರು ಹಾಡುತ್ತಿಲ್ಲ. ಅವಳು ಅದನ್ನು ಆಗ ಕಂಡಳು. ಅವರ ಉಸಿರಿಗೆ ಇವತ್ತು ಅವಳು ಆಸರೆಯಾಗಬೇಕಿಲ್ಲ. ಇಲ್ಲಿ ಹಾಡಿದವಳು ಅವಳು, ಉಸಿರು ತೆಗೆಯುತ್ತಿರುವವಳೂ ಅವಳೇ. ಮೂರು. ಶಾಂಭವಿ ಮೂಗು ತುಂಬ ಗಾಳಿ ಎಳೆದುಕೊಂಡಳು. ಕೈ ಶಾಂತವಾಯಿತು. ಇನ್ನೊಂದೇ ಮಾತ್ರೆ!

“ವಾಹ್!”

ದಮ್ಮಿನ ಎದೆಯಿಂದ ಅಷ್ಟು ದೊಡ್ಡ ದನಿ ಹೇಗೆ ಬಂತೋ ದೇವರೇ ಬಲ್ಲ. ಅನಂತಮೂರ್ತಿಯವರು ಸೋಫಾದಿಂದ ಅರ್ಧ ಎದ್ದು, ಕೈ ಮುಂದೆ ಚಾಚಿ, ಅರವತ್ತು ವರ್ಷ ಬೈಠಕ್‌ಗಳಲ್ಲಿ ಕೂತ ಮನುಷ್ಯ ಒಳ್ಳೆಯ ಜಾಗ ಬಂದಾಗ ಹೇಗೆ ಕೂಗಬೇಕೋ ಹಾಗೆ ಕೂಗಿದ್ದರು. ಅಷ್ಟು ದೊಡ್ಡ ಗಾಯಕರೇ ವಾಹ್ ಎಂದ ಮೇಲೆ ಕೃತಿ ಮುಗಿಯಿತೆಂದೇ ಲೆಕ್ಕ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಹಿಂದಿನವರು ಸೀಟಿ ಹೊಡೆದರು. ಹರೀಶ ಶಾಲು, ಹಾರ, ಹಣ್ಣಿನ ತಟ್ಟೆ ಹಿಡಿದು ವೇದಿಕೆಯ ಮೆಟ್ಟಿಲ ಕಡೆಗೆ ಧಾವಿಸಿದ. ನಿರೂಪಣೆಯವರು ಮೈಕನ್ನು ಟಪಟಪ ತಟ್ಟಿ “ಹಲೋ” ಎಂದೂ ಆಯಿತು.

ಮಾಸ್ತರ ಕಡ್ಡಿ ಗಾಳಿಯಲ್ಲೇ ನಿಂತಿತ್ತು. ಅವರ ಹಣೆಯಿಂದ ಬೆವರು ಇಳಿಯುವುದು ಶಾಂಭವಿಗೆ ಕಂಡಿತು. ಮುಂದಿನದು ಅವಳೊಬ್ಬಳ ಪಂಚಮ, ಪಿಸುಮಾತಿನಷ್ಟು ಮೆಲ್ಲಗೆ. ಈ ಗದ್ದಲದಲ್ಲಿ ಅದನ್ನು ನುಡಿಸಿದರೆ ಅವಳ ಕಿವಿಗೇ ಕೇಳಿಸದು. ಜೋರಾಗಿ ನುಡಿಸಿದರೆ ಕೃತಿ ಸತ್ತುಹೋಗುತ್ತದೆ. ನುಡಿಸು ಎನ್ನಬೇಕೋ ಬೇಡವೋ ತಿಳಿಯದೆ ಮಾಸ್ತರು ಅವಳನ್ನು ನೋಡಿದರು. ಮುಂಬಯಿಯಲ್ಲಿ ಮೂವತ್ತು ವರ್ಷ ನುಡಿಸಿದ ಆ ಮನುಷ್ಯನ ಕಣ್ಣಲ್ಲಿ ದಿಕ್ಕೇ ತೋಚದ ಗಾಬರಿಯಿತ್ತು.

ಶಾಂಭವಿ ಅಲ್ಲಾಡಲಿಲ್ಲ. ವಾಹ್ ಎಂದವರಿಗೆ ತಲೆ ಬಾಗಿಸುವುದು ಹತ್ತೊಂಬತ್ತು ವರ್ಷದ ರೂಢಿ, ಬಾಗಿಸಲಿಲ್ಲ. ಕಮಾನು ತಂತಿಯ ಮೇಲೆ ಅದೇ ಒಂದು ಅಂಗುಲ ಎತ್ತರದಲ್ಲಿ ನಿಂತಿತ್ತು. ಇನ್ನೂ ಇದೆ, ತಡೆಯಿರಿ ಎಂದು ಬಾಯಿ ತೆರೆಯದೆ ಅವಳು ಇಡೀ ಹೊನ್ನಾವರಕ್ಕೆ ಹೇಳುತ್ತಿದ್ದಳು. ಅವಳನ್ನು ಕಂಡು ಗಾಯತ್ರಿ ತನ್ನ ಕಮಾನನ್ನೂ ಹಾಗೆಯೇ ಎತ್ತಿ ಹಿಡಿದಳು. ಒಬ್ಬರಾದ ಮೇಲೊಬ್ಬರು, ಸೆಲ್ಲೋದವರು, ಊದುವವರು, ಹಂಡೆಯ ಮೇಲೆ ಕೋಲು ಹಿಡಿದ ಲೋಕೇಶ, ಎಲ್ಲರೂ ಉಸಿರು ಬಿಗಿಹಿಡಿದು ಕಲ್ಲಾದರು. ಮಾಸ್ತರು ಅದನ್ನು ನೋಡಿದರು. ನೋಡಿ, ಯಾವ ಮಾಸ್ತರೂ ಮಾಡದ ಕೆಲಸ ಮಾಡಿದರು. ಕಡ್ಡಿ ಕೆಳಗಿಳಿಸಿ, ಕೈ ಕಟ್ಟಿ ನಿಂತರು.

ಮೊದಲು ಸುಮ್ಮನಾದವರು ಅನಂತಮೂರ್ತಿಯವರು. ತಾವು ಎಂಥ ಎಡವಟ್ಟು ಮಾಡಿದೆವೆಂದು ಅವರಿಗೆ ಹೊಳೆದು, ನಾಲಿಗೆ ಕಚ್ಚಿಕೊಂಡು ಕುಸಿದು ಕೂತರು. ಅವರನ್ನು ಕಂಡು ಮೊದಲ ಸಾಲು ಕೈ ಇಳಿಸಿತು. ಆಮೇಲೆ ಎರಡನೆಯದು. ಹರೀಶ ಮೂರನೆಯ ಮೆಟ್ಟಿಲಲ್ಲಿ ಒಂದು ಕಾಲು ಎತ್ತಿದವನು ಹಾಗೆಯೇ ನಿಂತ, ಹಣ್ಣಿನ ತಟ್ಟೆ ಎದೆಗೆ ಅವುಚಿಕೊಂಡು. ಚಪ್ಪಾಳೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬಾಗಿಲವರೆಗೆ ಹೋಗಿ, ಅಲ್ಲಿ ಎರಡು ಕೈ ತಟ್ಟಿ, ನಿಂತಿತು. ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು. ಅದರ ಸದ್ದೂ ಶರಾವತಿ ಸೇತುವೆ ದಾಟಿ ಕರಗಿತು. ಈಗ ಫ್ಯಾನಿನ ಗರಗರ ಮಾತ್ರ. ಯಾರೋ ಅದನ್ನೂ ಆರಿಸಿದರು. ಆರುನೂರು ಜನ ಅವಳ ಕಮಾನಿನ ತುದಿಯನ್ನೇ ನೋಡುತ್ತ ಕೂತರು. ನಾಲ್ಕು ಮಾತ್ರೆ ಸುಮ್ಮನಿರಲಾರದ ಹೆಂಗಸು ಇಡೀ ಸಭೆಯನ್ನು ಸುಮ್ಮನಾಗಿಸಿದ್ದಳು.

ಮತ್ತೂ ಸ್ವಲ್ಪ ಕಾದಳು. ಆಮೇಲೆ ಕಮಾನು ಇಳಿಸಿ ಪಂಚಮ ನುಡಿಸಿದಳು, ಪಿಸುಮಾತಿನಷ್ಟೇ ಮೆಲ್ಲಗೆ, ಆದರೂ ಬಾಗಿಲ ಬಳಿ ನಿಂತವರಿಗೂ ಕೇಳಿತು.

ಕೃತಿ ಮುಗಿದು ಷಡ್ಜಕ್ಕೆ ಬಂದು ನಿಂತಾಗ ನಿಜವಾದ ಚಪ್ಪಾಳೆ ಬಂತು, ಅದನ್ನು ವರ್ಣಿಸುವ ಗೋಜಿಗೆ ನಾನು ಹೋಗುವುದಿಲ್ಲ. ಹರೀಶನಿಗೆ ಕೊನೆಗೂ ಮೆಟ್ಟಿಲು ಹತ್ತಲು ಸಿಕ್ಕಿತು. ಪರದೆಯ ಹಿಂದೆ ಅನಂತಮೂರ್ತಿಯವರು ಏದುಸಿರು ಬಿಡುತ್ತ ಬಂದು, “ತಪ್ಪಾತೆ ಕೂಸೆ. ಎಂತ ಮಾಡ್ಲಿ, ಬಾಯಿಂದ ಬಂದುಹೋತು,” ಎಂದರು. ಅವಳು ಕಾಲಿಗೆ ಬೀಳಲು ಬಗ್ಗಿದರೆ ತೋಳು ಹಿಡಿದು ಎತ್ತಿದರು, ಬೀಳಗೊಡಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅದೆಷ್ಟೋ ವಾಹ್‌ಗಳು ಅವಳ ಪಕ್ಕದಿಂದ ಹಾದು ಅವರ ಕಡೆಗೆ ಹೋಗಿದ್ದವು. ಇದೊಂದು ಅವಳದು, ಪೂರ್ತಿ ಅವಳದು. ಅವಳು ಅತ್ತಳು, ನಗುತ್ತಲೇ ಅತ್ತಳು.

ಮಾಸ್ತರು ಬೆವರು ಒರೆಸಿಕೊಳ್ಳುತ್ತ ಬಂದರು. ಅವರ ಹಿಂದೆಯೇ ಲೋಕೇಶ, ಗಾಯತ್ರಿ, ಅರ್ಧ ವಾದ್ಯವೃಂದ.

“ಎಷ್ಟು ಮಾತ್ರೆ ಆತು ಗೊತ್ತಾ?” ಎಂದು ಮಾಸ್ತರು ಕೇಳಿದರು. “ನಾನು ಬರೆದದ್ದು ನಾಲ್ಕು. ಲೋಕೇಶ ಎಣಿಸಿದಾನೆ. ಹೇಳೋ.”

“ಎಪ್ಪತ್ತೊಂದು,” ಎಂದ ಲೋಕೇಶ.

ಶಾಂಭವಿ ಕಣ್ಣೊರೆಸಿಕೊಂಡಳು. ಕೇಳಲು ಹೆದರಿಕೆ, ಕೇಳದಿರಲೂ ಆಗದು. “ಮತ್ತೆ ನಾಳೆ ಕುಮಟಾದಲ್ಲಿ ಎಷ್ಟು ಮಾಸ್ತರೆ?”

ಇನಾಸ್ ಮಾಸ್ತರು ತಮ್ಮ ಕಡ್ಡಿಯನ್ನು ಚೀಲಕ್ಕೆ ಸೇರಿಸಿ ಜಿಪ್ಪು ಎಳೆದರು.

“ನೀವು ಹೇಳಿದಷ್ಟು,” ಎಂದರು.